ಗುರು ಕೂಗಿದ್ದಕ್ಕೆ ಅಜ್ಜಿ ಸಾಕ್ಷಿ

ಎಂಬತ್ತರ ದಶಕದಲ್ಲಿ ಗೌರಿಬಿದನೂರಲ್ಲಿ ಮದುವೆ ಮಾಡ್ಕೊಂಡೋರನ್ನ ಯಾರನ್ನಾದ್ರೂ ಕೇಳಿ. ಪುರೋಹಿತರು ಯಾರು, ಅಡುಗೆಯೋರು ಯಾರು ಅನ್ನೋದು ಮರೆತು ಹೋಗಿರಬಹುದು. ಮೈಕ್ ಸೆಟ್ ಯಾರದು ಅಂದ್ರೆ ಮಾತ್ರ ಥಟ್ ಅಂತ ಹೇಳ್ತಾರೆ. ನಂದೇ. ಹಗಲೆಲ್ಲ ರೇಡಿಯೋ ರಿಪೇರಿ, ಲಗ್ನದ ಕಾಲದಲ್ಲಿ ಮೈಕ್ ಸೆಟ್ಟು. ಹಿಂದೂಪುರದಿಂದ ಚಿಂತಾಮಣಿವರೆಗೂ ನನ್ನ ಹಾರನ್ ಕೂಗದ ಛತ್ರ ಇರ್ಲಿಲ್ಲ. ನನ್ನ ಆಟಕ್ಕೆ ಸಿಕ್ಕಿ ಬೀಳದ ಮನುಷ್ಯನೂ ಇರ್ಲಿಲ್ಲ, ಆ ಮಾತು ಬೇರೆ.

ಚಿಂತಾಮಣಿ ಛತ್ರದ ಜಾಮೂನು ಕತೆ ಮೊದಲು ಹೇಳ್ಬಿಡ್ತೀನಿ. ಅದಿಲ್ಲದೆ ಮುಂದಿಂದು ಅರ್ಥ ಆಗಲ್ಲ.

ಒಂದು ಮದುವೆ. ಓಲಗ ನಡೀತಾ ಇದೆ. ಬಿಳೀ ಪಂಚೆ, ಗರಿಗರಿ ಅಂಗವಸ್ತ್ರದ ಯಜಮಾನರೊಬ್ಬರು ಆ ಕಡೆ ಈ ಕಡೆ ನೋಡಿ ಅಡುಗೆಮನೆ ಹಿಂದಿನ ಉಗ್ರಾಣದೊಳಗೆ ಮೆಲ್ಲಗೆ ನುಸುಳಿದ್ದು ನನ್ನ ಕಣ್ಣಿಗೆ ಬಿತ್ತು. ಕಡಲೆಕಾಯಿ ವ್ಯಾಪಾರಸ್ಥರು, ಊರಿಗೆ ದೊಡ್ಡ ಮನುಷ್ಯರು, ಮೈಯಲ್ಲಿ ಸಕ್ಕರೆ ಕಾಯಿಲೆ. ಅವರು ಒಳಗೆ ಹೋದ ಸ್ವಲ್ಪ ಹೊತ್ತಿಗೆ ಅಲ್ಲಿನ ಅಕ್ಕಿ ಮೂಟೆ ಹಿಂದೆ ನನ್ನದೊಂದು ಮೈಕು ಇತ್ತು. ಅದು ಅಲ್ಲಿಗೆ ಹೆಂಗೆ ಹೋಯ್ತು ಅಂತ ಕೇಳ್ಬೇಡಿ. ಮೈಕಿಗೆ ಕಾಲಿರಲ್ಲ, ನಂಗಿದೆ. ಓಲಗ ಒಂದು ಗಳಿಗೆ ನಿಂತಾಗ ನಾಲ್ಕೂ ದಿಕ್ಕಿನ ಹಾರನ್ನಲ್ಲಿ ಅವರ ದನಿ ಬಂತು:

"ಇನ್ನೆರಡು ಹಾಕಪ್ಪ. ಪಾಕನೂ ಹಾಕು. ಡಾಕ್ಟ್ರು ಮನೇಲಿ ತಿನ್ಬೇಡಿ ಅಂದವ್ರೆ, ಛತ್ರದಲ್ಲಿ ತಿನ್ಬೇಡಿ ಅಂದಿಲ್ಲ. ನಮ್ಮ ಮನೆಯವಳಿಗೆ ಮಾತ್ರ ಹೇಳ್ಬೇಡ, ರಾಕ್ಷಸಿ ಅವಳು."

ಮನೆಯವಳು ಮಂಟಪದ ಮುಂದೆ ಅಕ್ಷತೆ ಹಿಡ್ಕೊಂಡು ನಿಂತಿದ್ರು. ಛತ್ರಕ್ಕೆ ಛತ್ರವೇ ಬಿದ್ದು ಬಿದ್ದು ನಕ್ತು. ಎಲ್ಲರಿಗಿಂತ ಜಾಸ್ತಿ ನಕ್ಕಿದ್ದು ಮುಂದಿನ ಸಾಲಲ್ಲಿ ಕೂತಿದ್ದ ಒಬ್ಬ ಮುದುಕಿ, ಬೊಚ್ಚು ಬಾಯಿಗೆ ಸೆರಗು ತುರುಕ್ಕೊಂಡು. ಆಮೇಲೆ ಗೊತ್ತಾಯ್ತು, ಆಯಮ್ಮ ಅದೇ ಯಜಮಾನರ ಹೆತ್ತ ತಾಯಿ. ಯಜಮಾನರು ಮಾತ್ರ ಅವತ್ತಿಂದ ನನ್ನ ಮುಖ ಕಂಡ್ರೆ ರಸ್ತೆ ದಾಟಿ ಆ ಕಡೆ ಹೋಗೋರು. ಅದು ತಪ್ಪು ಅಂತ ನಾನು ಇವತ್ತಿಗೂ ಒಪ್ಪಲ್ಲ. ಅಷ್ಟು ಕ್ಲಿಯರ್ ಆಗಿ ಬೇರೆ ಯಾರ ಸೆಟ್ಟಲ್ಲಿ ಕೇಳ್ಸುತ್ತೆ, ಹೇಳಿ?

ಹಣೆಬರಹ ನೋಡಿ. ಎರಡು ವರ್ಷ ಆದ್ಮೇಲೆ ನಮ್ಮಕ್ಕನ ಮಗಳಿಗೆ ಸಂಬಂಧ ಕೂಡಿ ಬಂದಿದ್ದು ಅದೇ ಮನೆಯಿಂದ.

ನಮ್ಮಕ್ಕನ್ನ ಕೊಟ್ಟಿದ್ದು ಶಿಡ್ಲಘಟ್ಟಕ್ಕೆ. ಊರಾಚೆ ಹಿಪ್ಪುನೇರಳೆ ತೋಟ, ಮನೆಗೆ ಅಂಟ್ಕೊಂಡಂಗೆ ರೇಷ್ಮೆ ಹುಳ ಸಾಕೋ ಹುಳದ ಮನೆ. ಹುಡುಗ ರೇಷ್ಮೆ ಇಲಾಖೇಲಿ ಕೆಲಸಕ್ಕಿದ್ದ. ಹುಳ ನೋಡೋಕೆ ಅಂತ ಬಂದೋನು ಹುಡುಗೀನ ನೋಡ್ಕೊಂಡು ಹೋದ. ಆಮೇಲಾಮೇಲೆ ಯಾವ ಕಾಯಿಲೇನೂ ಇಲ್ಲದ ಹುಳಗಳನ್ನ ವಾರಕ್ಕೊಂದು ಸಲ ಬಂದು ಪರೀಕ್ಷೆ ಮಾಡೋಕೆ ಶುರು ಮಾಡಿದ. ಎರಡೂ ಮನೆಯೋರು ಮಾತಾಡಿದ್ರು, ಜಾತಕ ಕೂಡ್ತು. ಹುಡುಗನಿಗೆ ಅಪ್ಪ ಇಲ್ಲ, ದೊಡ್ಡಪ್ಪಂದೇ ಯಜಮಾನಿಕೆ. ಆ ದೊಡ್ಡಪ್ಪ ಯಾರು ಅಂತೀರಾ? ನಮ್ಮ ಜಾಮೂನು ಯಜಮಾನರೇ. ಹುಡುಗಿ ಸೋದರಮಾವ ನಾನು ಅಂತ ಗೊತ್ತಾಗಿದ್ದೇ ತಡ, ಅವರಿಗೆ ಗುರುಬಲ ನೆನಪಾಗ್ಬಿಡ್ತು.

"ಹುಡುಗೀದು ಕಟಕ ರಾಶಿ. ಗುರು ಕುಂಭದಲ್ಲಿ ಕೂತವ್ನೆ. ಎಂಟನೇ ಮನೆ. ಈ ವರ್ಷ ಮದುವೆ ಮಾತೇ ಎತ್ಬೇಡಿ."

ಲೆಕ್ಕ ಸರಿಯಾಗೇ ಇತ್ತು, ತಗಾದೆ ತೆಗೆಯಂಗಿಲ್ಲ. ಒಂದು ವರ್ಷ ತಾನೇ, ಕಾಯಬಹುದಿತ್ತಲ್ಲ ಅಂತೀರಿ. ಆದ್ರೆ ನಮ್ಮ ಭಾವನಿಗೆ ತಾಳ್ಮೆ ಅನ್ನೋದು ಹುಟ್ಟಿದಾಗಿಂದ ಇಲ್ಲ. ಹಿಂದೂಪುರದಿಂದ ಇನ್ನೊಂದು ಸಂಬಂಧ ಬಾಗಿಲಿಗೆ ಬಂದು ನಿಂತಿತ್ತು. ಶ್ರಾವಣದೊಳಗೆ ಚಿಂತಾಮಣಿಯೋರು ಹೂಂ ಅನ್ನದಿದ್ರೆ ಹಿಂದೂಪುರಕ್ಕೇ ಕೊಡೋದು ಅಂದ್ಬಿಟ್ರು.

ಹುಡುಗಿ ಬೆಳಗ್ಗೆ ಮೊದಲನೇ ಬಸ್ಸಿಗೆ ಶಿಡ್ಲಘಟ್ಟ ಬಿಟ್ಟು, ಚಿಕ್ಕಬಳ್ಳಾಪುರದಲ್ಲಿ ಬಸ್ ಬದಲಾಯಿಸಿ, ಸೀದಾ ನನ್ನ ಅಂಗಡಿಗೆ ಬಂದು ಸ್ಟೂಲ್ ಮೇಲೆ ಕೂತ್ಕೊಂಡ್ಳು.

"ಮಾಮ, ಜಾಮೂನು ತಿಂದಿದ್ದು ಅವರು, ಮಜಾ ತಗೊಂಡಿದ್ದು ನೀವು. ಹಿಂದೂಪುರಕ್ಕೆ ಹೋಗೋದು ನಾನಾ?"

"ಹಿಂದೂಪುರ ಒಳ್ಳೇ ಊರು ಕಣಮ್ಮ. ರೈಲಿದೆ."

ಟೇಬಲ್ ಮೇಲಿದ್ದ ಕಾದ ಸಾಲ್ಡರಿಂಗ್ ಕಡ್ಡೀನ ಅವಳು ಒಂದು ಸಲ ನೋಡಿದ್ಳು, ಇನ್ನೊಂದು ಸಲ ನನ್ನ ನೋಡಿದ್ಳು. ನಾನು ಕಡ್ಡೀನ ಮೆಲ್ಲಗೆ ಆ ಕಡೆ ಎತ್ತಿಟ್ಟೆ. "ಸರಿ, ಹೋಗಿ ಮಾತಾಡ್ತೀನಿ" ಅಂದೆ.

ಹೋದೆ. ಚಿಂತಾಮಣಿ ಮಂಡಿ ಅಂಗಡೀಲಿ ನಾಲ್ಕು ಜನ ವ್ಯಾಪಾರಸ್ಥರ ಮಧ್ಯೆ ದೊಡ್ಡಪ್ಪನೋರು ದಿಂಬಿಗೆ ಒರಗಿ ಕೂತಿದ್ರು. ಮೊದಲು ನನ್ನ ಎರಡೂ ಕೈ ನೋಡಿದ್ರು, ಆಮೇಲೆ ಚೀಲ ನೋಡಿದ್ರು, ವೈರ್ ಏನಾದ್ರೂ ಇದೆಯಾ ಅಂತ.

"ಗುರುಶಾಂತಿ ಮಾಡಿಸಿ ಮದುವೆ ಮಾಡೋ ಪದ್ಧತಿ ಇದೆಯಲ್ಲ, ಯಜಮಾನ್ರೇ. ಕಡಲೆಕಾಳು ದಾನ, ಹಳದಿ ಬಟ್ಟೆ..."

"ಒಲ್ಲೆ ಅನ್ನೋ ಗುರುಗೆ ಲಂಚ ಕೊಡೋ ವ್ಯವಹಾರ ನಮ್ಮನೇಲಿಲ್ಲ" ಅಂದ್ರು. ಅಷ್ಟಕ್ಕೆ ಬಿಟ್ಟಿದ್ರೆ ಗೆಲ್ತಿದ್ರು. ನಾಲ್ಕು ಜನ ಕೇಳ್ತಾವ್ರೆ ಅನ್ನೋ ಉಮೇದಲ್ಲಿ ಮೀಸೆ ತಿರುವಿ ಇನ್ನೊಂದು ಮಾತು ಸೇರಿಸಿದ್ರು: "ಆ ಗುರುನೇ ಕೂಗಿ ನಮ್ಮ ಕಿವಿಗೆ ಹೇಳ್ಲಿ, ಆಗ ಶಾಂತಿ ಮಾಡಿಸಿ ಶ್ರಾವಣದಲ್ಲೇ ಮದುವೆ ಮಾಡ್ತೀನಿ. ಹೋಗು, ಕೂಗ್ಸು. ಹೆಂಗೂ ಮೈಕ್ ಸೆಟ್ಟೋನು ನೀನು."

ನಾಲ್ಕೂ ಜನ ಹೋ ಅಂತ ನಕ್ರು. ನಾನೂ ನಕ್ಕೆ. ನಗ್ತಾ ನಗ್ತಾ ಆ ನಾಲ್ಕು ಮುಖನೂ ಚೆನ್ನಾಗಿ ನೋಡಿಟ್ಕೊಂಡೆ, ನಾಳೆ ಸಾಕ್ಷಿಗೆ ಬೇಕಾಗುತ್ತೆ ಅಂತ. ಯಾಕೆ ಅಂದ್ರೆ ಗುರು ಕೂಗ್ತಾನೆ ಅನ್ನೋದು ಚಿಂತಾಮಣಿ ಮಂಡೀಲಿ ಯಾರಿಗೂ ಗೊತ್ತಿರಲಿಲ್ಲ, ನಂಗೊಬ್ಬನಿಗೆ ಗೊತ್ತಿತ್ತು.

ನಮ್ಮ ಗೌರಿಬಿದನೂರು ಪಕ್ಕದಲ್ಲಿ ಒಂದು ತಂತಿ ಹೊಲ ಇದೆ. ರಾಗಿ ಬೆಳೆಯೋ ಕಡೆ ಸಾಲು ಸಾಲು ಕಂಬ ನೆಟ್ಟು ತಂತಿ ಕಟ್ಟವ್ರೆ. ಆಕಾಶದಿಂದ ಬರೋ ರೇಡಿಯೋ ಅಲೆ ಹಿಡಿಯೋ ಜಾಗ ಅದು. ಅಲ್ಲಿನ ಎಂಜಿನಿಯರ್ರೊಬ್ಬರು ತಮ್ಮ ಸ್ವಂತ ಟೇಪ್ ರೆಕಾರ್ಡರ್ ಬೆಲ್ಟ್ ಹಾಕಿಸೋಕೆ ನನ್ನ ಅಂಗಡಿಗೆ ಬರೋರು. ಒಂದು ಸಲ ಅದರೊಳಗೆ ಒಂದು ಕ್ಯಾಸೆಟ್ ಇತ್ತು. ಬೆಲ್ಟ್ ಸರಿ ಕೂತಿದೆಯಾ ಅಂತ ಹಾಕಿದ್ರೆ ಬರೀ ಸುರ್ ಅಂತ ಸದ್ದು, ಮಧ್ಯೆ ಮಧ್ಯೆ ಬಿರುಗಾಳಿ ಎದ್ದಂಗೆ, ಆಮೇಲೆ ಬಾಣಲೇಲಿ ಅರಳು ಹುರಿದಂಗೆ ಚಟಪಟ.

"ಸಾರ್, ಹೆಡ್ ಹೋಗಿದೆ" ಅಂದೆ.

"ಹೆಡ್ ಸರಿಯಾಗೇ ಇದೆ. ಅದು ಗುರುಗ್ರಹ" ಅಂದ್ರು.

ನಾನು ಊರಿಗೆಲ್ಲ ಟೋಪಿ ಹಾಕೋನು, ನಂಗೇ ಒಬ್ಬ ಹಾಕೋಕೆ ಬಂದ ಅಂತ ಖುಷಿಯಾಗಿ ಟೀ ತರಿಸಿದೆ. ಆದ್ರೆ ಅವರು ಟೀ ಕುಡೀತಾ ಹೇಳಿದ್ದು ನೂರಕ್ಕೆ ನೂರು ನಿಜ. ಗುರು ಅನ್ನೋದು ಒಂದು ಭಾರಿ ಅಯಸ್ಕಾಂತ. ಅದರ ಹಿಡಿತ ಎಷ್ಟು ದೂರ ಹರಡಿದೆ ಅಂದ್ರೆ, ಕಣ್ಣಿಗೆ ಕಾಣೋ ಹಂಗಿದ್ದಿದ್ರೆ ನಮ್ಮ ಆಕಾಶದಲ್ಲಿ ಹುಣ್ಣಿಮೆ ಚಂದ್ರನಿಗಿಂತ ದೊಡ್ಡದಾಗಿ ಕಾಣ್ತಿತ್ತಂತೆ. ಗುರು ಬುಗುರಿ ಥರ ತಿರುಗುವಾಗ ಆ ಹಿಡಿತನೂ ಜೊತೇಲೇ ತಿರುಗುತ್ತೆ. ಅದರೊಳಗೆ ಒಂದು ಸಣ್ಣ ಚಂದ್ರ ತನ್ನ ಪಾಡಿಗೆ ನಿಧಾನವಾಗಿ ಸುತ್ತುತ್ತಾ ಇದೆ. ಅಯೋ ಅಂತ ಹೆಸರು. ನಗಬೇಡಿ, ಆ ಹೆಸರಿನ ತಮಾಷೆಯೆಲ್ಲ ಅವತ್ತೇ ನಾನು ಮಾಡಿ ಮುಗಿಸಿದ್ದೀನಿ. ಆ ಚಂದ್ರನ ಮೇಲೆ ಬೆಂಕಿ ಕಾರೋ ಬೆಟ್ಟಗಳು. ಅವು ಉಗುಳೋ ಗಂಧಕದ ಆವಿ ಕರೆಂಟು ತುಂಬ್ಕೊಂಡು ಗುರು ಸುತ್ತ ಹರಡ್ಕೊಳ್ಳುತ್ತೆ. ತಿರುಗೋ ಅಯಸ್ಕಾಂತ ಆ ಆವೀನ ಎಳ್ಕೊಂಡು ಬಂದು ಅಯೋ ಮೇಲೆ ಹಾಯಿಸುತ್ತೆ, ಕಾಲುವೆ ನೀರು ಮಧ್ಯದ ಕಲ್ಲಿಗೆ ಬಡಿದಂಗೆ. ಆಗ ಆ ಚಂದ್ರನಿಂದ ಗುರು ನೆತ್ತಿವರೆಗೂ, ಪಾದದವರೆಗೂ ಕಣ್ಣಿಗೆ ಕಾಣದ ಒಂದು ತಂತಿ ಎಳೆದಂಗೆ ಕರೆಂಟು ಹರಿಯುತ್ತೆ. ಆ ಕರೆಂಟಿಗೆ ಗುರು ಕೂಗ್ತಾನೆ.

"ಅಂದ್ರೆ ಹಾರನ್ ಇರೋದು ಗುರು ತಲೆ ಮೇಲೆ, ಮೈಕ್ ಹಿಡ್ಕೊಂಡಿರೋದು ಆ ಪುಟಾಣಿ ಚಂದ್ರ" ಅಂದೆ.

ಅವರು ಟೀ ಲೋಟ ಕೆಳಗಿಟ್ಟು, "ಪರೀಕ್ಷೇಲಿ ಹಂಗೆ ಬರೀಬೇಡಿ. ಅಂಗಡೀಲಿ ಹೇಳ್ಕೊಬಹುದು" ಅಂದ್ರು.

ಆ ಕೂಗು ಎಲ್ಲ ಕಡೆಗೂ ಹೋಗಲ್ಲವಂತೆ, ಬಿಚ್ಚಿದ ಕೊಡೆ ಬಟ್ಟೆ ಮೇಲೆ ಮಾತ್ರ ಹರಿದಂಗೆ ಹೋಗುತ್ತಂತೆ. ಆ ಕೊಡೆ ಅಂಚು ಭೂಮಿಗೆ ನೇರ ಬಂದ್ರೆ ಮಾತ್ರ ನಮಗೆ ಕೇಳ್ಸೋದು. ಅದಕ್ಕೆ ಗುರು ತನ್ನ ಸರಿಯಾದ ಮುಖ ನಮ್ಮ ಕಡೆ ತಿರುಗಿಸಿರಬೇಕು, ಅಯೋನೂ ಸರಿಯಾದ ಪಕ್ಕದಲ್ಲಿರಬೇಕು. ಅವೆರಡೂ ಯಾವಾಗ ಕೂಡಿ ಬರುತ್ತೆ ಅಂತ ಅವರು ಮೊದಲೇ ಲೆಕ್ಕ ಹಾಕಿ ಹೇಳೋರು. "ಇದೂ ಮುಹೂರ್ತ ಇಡೋದೇ ಅಲ್ವಾ ಸಾರ್?" ಅಂದಿದ್ದಕ್ಕೆ ಮುಖ ಸಿಂಡರಿಸ್ಕೊಂಡ್ರು. ಒಂದು ಒಳ್ಳೇ ಶಾರ್ಟ್‌ವೇವ್ ರೇಡಿಯೋ, ಎರಡು ಕಂಬ, ಒಂದಷ್ಟು ತಾಮ್ರದ ತಂತಿ. ಮುಳ್ಳನ್ನ ಬ್ಯಾಂಡಿನ ಕೊನೇಗೆ ತಳ್ಳಿ ಯಾವ ಸ್ಟೇಷನ್ನೂ ಇಲ್ಲದ ಕಡೆ ನಿಲ್ಲಿಸಿದ್ರೆ ಸಾಕು, ಮನೆ ಅಂಗಳದಲ್ಲೇ ಕೇಳ್ಸುತ್ತೆ ಅಂದ್ರು.

ಮಂಡಿಯಿಂದ ವಾಪಸ್ ಬಂದೋನು ನಾನು ಎಂಜಿನಿಯರ್ರ ಹತ್ರ ಒಂದು ಒಳ್ಳೇ ಹೊತ್ತು ಕೇಳಿ ಗೊತ್ತು ಮಾಡ್ಕೊಂಡೆ. ಬೆಳಗಿನ ಜಾವ, ಕೋಳಿ ಕೂಗೋ ಸಮಯ. ಗುರು ನೆತ್ತಿ ಹತ್ರ ಬಂದಿರ್ತಾನೆ. ಜಾಗ ಶಿಡ್ಲಘಟ್ಟದ ನಮ್ಮಕ್ಕನ ಮನೆ ಅಂಗಳ. ಮಂಡಿಯ ನಾಲ್ಕು ಸಾಕ್ಷಿಗಳ ಮುಂದೆ ಮಾತು ಕೊಟ್ಟಿದ್ರಲ್ಲ, ದೊಡ್ಡಪ್ಪನೋರು ತಪ್ಪಿಸ್ಕೊಳ್ಳೋ ಹಂಗಿರಲಿಲ್ಲ. ಮಗನ ಥರ ಸಾಕಿದ ಹುಡುಗನ್ನ ಕರ್ಕೊಂಡು ಹಿಂದಿನ ಸಂಜೇನೇ ಬಂದಿಳಿದ್ರು. ಅಕ್ಕ ಅವರಿಗೆ ಕಾಫಿ ಕೊಟ್ಟಳು, ಸಕ್ಕರೆ ಇಲ್ಲದ್ದು. ನಾನು ನಗು ನುಂಗಿ ತಂತಿ ಕಟ್ಟೋಕೆ ಹೋದೆ.

ಜಾವಕ್ಕೆಲ್ಲ ಅಂಗಳದಲ್ಲಿ ಸೇರಿದ್ವಿ. ತಂತಿ ಕಟ್ಟಿದ್ದೆ, ರೇಡಿಯೋಗೆ ನನ್ನ ಚಿಕ್ಕ ಸ್ಪೀಕರ್ ಸೇರಿಸಿದ್ದೆ. ಮೊದಲು ಬರೀ ಸುಯ್ಯ್ ಅಂತಿತ್ತು. ಆಮೇಲೆ, ಹೇಳಿದ ಹೊತ್ತಿಗೆ ಸರಿಯಾಗಿ, ಹಿಪ್ಪುನೇರಳೆ ತೋಟದ ಮೇಲೆ ಗಾಳಿ ಹಾದು ಹೋದಂಗೆ ಒಂದು ಅಲೆ ಎದ್ದು ಇಳೀತು. ಇನ್ನೊಂದು ಎದ್ದಿತು. ಅದರ ಹಿಂದೇನೇ ಸಣ್ಣಗೆ ಸರಸರ, ಪರಪರ. ನಂಗೆ ಮೈ ಜುಂ ಅಂತು. ನಾನು ಅಷ್ಟು ಸುಲಭಕ್ಕೆ ಅಲ್ಲಾಡೋ ಪೈಕಿ ಅಲ್ಲ, ಆದ್ರೂ. ಮೇಲೆ ಆ ಚುಕ್ಕಿ ಹೊಳೀತಾ ಇದೆ, ಕೆಳಗೆ ನನ್ನ ಸ್ಪೀಕರಲ್ಲಿ ಅದರ ಸದ್ದು ಬರ್ತಾ ಇದೆ. ದೊಡ್ಡಪ್ಪನೋರ ಕೈ ತಾನಾಗೇ ಎದ್ದು ಮುಗಿಯೋಕೆ ಹೋಯ್ತು. ಹುಡುಗಿ ಬಾಗಿಲ ಸಂದೀಲಿ ನಿಂತು ನನಗೆ ಕಣ್ಣು ಹೊಡೆದ್ಳು.

ಅಷ್ಟರಲ್ಲಿ ಆ ಎದ್ದ ಕೈ ಅರ್ಧದಲ್ಲೇ ನಿಂತ್ಕೊಂಡ್ಬಿಡ್ತು. ಅವರು ಕಿವಿನ ಪಕ್ಕಕ್ಕೆ ತಿರುಗಿಸಿದ್ರು. ಮೆಲ್ಲಗೆ ಎದ್ದು ಹೋಗಿ ಹುಳದ ಮನೆ ಬಾಗಿಲು ತಳ್ಳಿದ್ರು.

ರೇಷ್ಮೆ ಹುಳ ನಾಲ್ಕು ಸಲ ಪೊರೆ ಬಿಡುತ್ತೆ, ಅದಕ್ಕೆ ನಮ್ಮ ಕಡೆ ಜ್ವರ ಅಂತಾರೆ. ನಾಲ್ಕನೇ ಜ್ವರ ಎದ್ದ ಹುಳಕ್ಕೆ ಬಕಾಸುರನ ಹಸಿವು. ಅಕ್ಕ ಆಗಷ್ಟೇ ಸೊಪ್ಪು ಹಾಕಿದ್ಳು. ಮನೆ ತುಂಬ ತಟ್ಟೆ, ತಟ್ಟೆ ತುಂಬ ಹುಳ, ಹಂಚಿನ ಮೇಲೆ ಮಳೆ ಬಿದ್ದಂಗೆ ಪರಪರ, ಸರಸರ. ನಿಜ ಹೇಳ್ಬೇಕಂದ್ರೆ, ಗುರುಗೂ ಹುಳಕ್ಕೂ ಒಂದೇ ಗುರುಕುಲ ಅನ್ನಬೇಕು, ಅಷ್ಟು ಹೋಲ್ತಾ ಇತ್ತು. ಅದೂ ಸಾಲದು ಅಂತ ಹುಳದ ಮನೆ ಕಿಟಕಿಯಿಂದ ಅಂಗಳದ ಕಂಬದವರೆಗೂ ನನ್ನದೇ ಹಳೇ ಮೈಕ್ ವೈರು. ಅಕ್ಕ ಬಟ್ಟೆ ಒಣಗಿ ಹಾಕೋಕೆ ಇಸ್ಕೊಂಡಿದ್ದು! ಅದರ ಮೇಲೆ ಭಾವನ ಬನಿಯನ್ನು ನೇತಾಡ್ತಾ ಇತ್ತು.

"ಆಹಾ! ಅಲ್ಲಿ ಉಗ್ರಾಣ, ಇಲ್ಲಿ ಹುಳದ ಮನೆ! ಹುಳಕ್ಕೂ ಮೈಕ್ ಇಟ್ಟವ್ನೆ ಕಣ್ರೀ ಈ ಮನುಷ್ಯ!"

"ಇಲ್ಲ ದೊಡ್ಡಪ್ಪ, ಇದು ಹುಳದ ಸದ್ದಲ್ಲ. ನಂಗೆ ಹುಳದ ಸದ್ದು ಗೊತ್ತಿಲ್ವಾ?" ಅಂದ ಹುಡುಗ.

"ನೀನು ಸುಮ್ನಿರೋ. ಈ ಮನೆ ಅಂಗಳದಲ್ಲಿ ಕತ್ತೆ ಅರಚಿದ್ರೂ ನಿಂಗೆ ಗುರು ಕೂಗಿದಂಗೇ ಕೇಳ್ಸುತ್ತೆ."

ನಾನು ಆಣೆ ಇಟ್ಟೆ, ಸ್ಪೀಕರ್ ಬಿಚ್ಚಿ ತೋರಿಸಿದೆ, ವೈರಿನ ಎರಡೂ ತುದಿ ತೋರಿಸಿದೆ. ನಾನು ತೋರಿಸಿದಷ್ಟೂ ಅವರು ನಕ್ರು. ಮೊದಲನೇ ಬಸ್ಸಿಗೆ ಹೊರಟೇ ಹೋದ್ರು. ಹುಡುಗಿ ಅತ್ತಿದ್ರೆ ಸಮಾಧಾನ ಮಾಡಬಹುದಿತ್ತು. ಅಳ್ಲಿಲ್ಲ, ಸೊಂಟದ ಮೇಲೆ ಕೈಯಿಟ್ಕೊಂಡು ನಿಂತ್ಳು.

"ಹುಟ್ಟಿದಾಗಿಂದ ಒಂದೇ ಒಂದು ಸಲ ನಿಜ ಹೇಳಿದ್ರಿ ಮಾಮ. ಅದನ್ನೂ ಹುಳದ ಮನೆ ಪಕ್ಕ ನಿಂತ್ಕೊಂಡು ಹೇಳಿದ್ರಿ."

ಮೂರು ದಿನಕ್ಕೆ ಚಿಂತಾಮಣಿಯಿಂದ ಹೇಳಿ ಕಳಿಸಿದ್ರು. ದೊಡ್ಡಪ್ಪನೋರು ಮನೇಲಿ ಹುಳದ ಕತೇನ ಕುಣಿದು ಕುಪ್ಪಳಿಸಿ ಹೇಳಿದ್ದಾರೆ. ಎಲ್ಲ ಕೇಳಿಸ್ಕೊಂಡ ಅವರ ತಾಯಿ, ಅದೇ ಬೊಚ್ಚು ಬಾಯಿ ಅಜ್ಜಿ, ಒಂದು ತೀರ್ಪು ಕೊಟ್ಟರಂತೆ: "ನಮ್ಮನೇಲಿ ಹುಳ ಇಲ್ಲ. ನಮ್ಮ ಮಹಡಿ ಮೇಲೆ ಕೂಗಿಸ್ಲಿ. ನಾನೇ ಕೇಳ್ತೀನಿ. ನಾನು ಹೌದಂದ್ರೆ ಹೌದು, ಅಲ್ಲ ಅಂದ್ರೆ ಅಲ್ಲ." ಹೆತ್ತ ತಾಯಿ ಮಾತು, ಮಗ ಒಪ್ಕೊಂಡಿದ್ರು. ಆದ್ರೆ ಇದು ಕೊನೇದು, ಇನ್ನೊಂದು ಅವಕಾಶ ಇಲ್ಲ. ನಮ್ಮ ಭಾವ ಆಗಲೇ ಹಿಂದೂಪುರದೋರಿಗೆ ಬರೋ ಭಾನುವಾರ ಬನ್ನಿ ಅಂದಿದ್ರು.

ಎಂಜಿನಿಯರ್ರ ಕಾಲು ಹಿಡಿಯೋದೊಂದು ಬಾಕಿ. ಅವರು ಲೆಕ್ಕ ಹಾಕಿ ಭಾನುವಾರಕ್ಕೆ ಮೊದಲು ಒಂದು ಜಾವ ಹುಡುಕಿಕೊಟ್ರು. "ಅಯೋ ಸರಿಯಾದ ಜಾಗದಲ್ಲಿರುತ್ತೆ. ಕೊಡೆ ಅಂಚು ನಮ್ಮ ಕಡೆ ಇರುತ್ತೆ. ಆದ್ರೂ ಕೂಗೇ ಕೂಗ್ತಾನೆ ಅಂತ ಬರ್ಕೊಡೋಕಾಗಲ್ಲ. ಗುರು ನನ್ನ ನೌಕರ ಅಲ್ಲ" ಅಂದ್ರು.

ಚಿಂತಾಮಣಿ ಮನೆ ಮಹಡಿಗೆ ಹೋಗೋದು ಗೋಡೆಗೆ ಒರಗಿಸಿದ ಏಣಿ ಥರದ ಕಡಿದಾದ ಮೆಟ್ಲು. ದೊಡ್ಡಪ್ಪನೋರಿಗೆ ಮಂಡಿ ನೋವು. "ಹೊರಗಿಂದ ಯಾವ ಹುಳನೂ ಒಳಗೆ ಬಿಡಲ್ಲ" ಅಂತ ಕೆಳಗೆ ಬಾಗಿಲಲ್ಲೇ ಕುರ್ಚಿ ಹಾಕ್ಕೊಂಡು ಕೂತ್ರು. ಎಂಬತ್ತರ ಆಸುಪಾಸಿನ ಅಜ್ಜಿ ಮಾತ್ರ ಸೀರೆ ಎತ್ತಿ ಕಟ್ಟಿ ಮೇಕೆಮರಿ ಥರ ಹತ್ತಿ ಬಂದ್ರು. ಬಂದೋರೇ, "ಜೇಬು ತೋರ್ಸು" ಅಂದ್ರು.

"ಯಾಕಜ್ಜಿ?"

"ತೋರ್ಸಪ್ಪ, ಪರವಾಗಿಲ್ಲ."

ತೋರಿಸ್ಬೇಕಾಯ್ತು. ಒಂದು ಜೇಬಲ್ಲಿ ಸ್ಕ್ರೂಡ್ರೈವರ್. ಇನ್ನೊಂದರಲ್ಲಿ ಬಿಸ್ಕತ್ ಪ್ಯಾಕೆಟ್ಟಿನ ಗರಿಗರಿ ಕಾಗದ. ಗುರು ಕೈಕೊಟ್ರೆ ಇರ್ಲಿ ಅಂತ ಒಂದು ಮುನ್ನೆಚ್ಚರಿಕೆ, ಅದನ್ನ ಮೆಲ್ಲಗೆ ಹಿಸುಕಿದ್ರೆ ಅರಳು ಹುರಿದಂಗೇ ಕೇಳ್ಸುತ್ತೆ. ಅಜ್ಜಿ ಅದನ್ನ ತಗೊಂಡು ಕಿವಿ ಹತ್ರ ಹಿಸುಕಿ ನೋಡಿ, ನಕ್ಕು, ಸೊಂಟಕ್ಕೆ ಸಿಕ್ಕಿಸ್ಕೊಂಡ್ರು. "ಚಾಲು, ಸಾಕು ನಿನ್ನ ಆಟ. ಕೂತ್ಕೋ."

ಸದ್ದು ಬೇರೆಲ್ಲಿಂದಲೋ ಬಂತು ಅನ್ನಬಾರದು ಅಂತ ಈ ಸಲ ಅಜ್ಜೀನೇ ಸ್ಪೀಕರ್ ಬೇಡ ಅಂದಿದ್ರು. ಹೆಡ್‌ಫೋನ್ ತಂದಿದ್ದೆ. ಅಜ್ಜಿ ಬೆಳ್ಳಿ ಕೂದಲ ಮೇಲೆ ಅದನ್ನ ಹಾಕ್ಕೊಂಡು ಚಾಪೆ ಮೇಲೆ ಕೂತ್ರು. ಮೂಡಣ ಇನ್ನೂ ಕಪ್ಪು. ಹೇಳಿದ ಹೊತ್ತು ಬಂತು.

"ಏನಾದ್ರೂ?"

"ಸುಯ್ಯ್ ಅಂತದೆ."

ಕಾದ್ವಿ. ಕಾಯೋವಾಗ ಅಜ್ಜಿ ಒಂದು ಕಿವೀದು ಎತ್ತಿ, "ಅದೇನೋ ಚಂದ್ರನ ಕತೆಯಂತಲ್ಲ, ಹೇಳು" ಅಂದ್ರು. ಮೈಕು, ಹಾರನ್ನು ಅಂತ ನಂಗೆ ಗೊತ್ತಿದ್ದ ಹಂಗೆ ಹೇಳಿದೆ. ಅಜ್ಜಿ ತವರು ಶಿಡ್ಲಘಟ್ಟ, ರೇಷ್ಮೆ ಗೂಡಿಂದ ನೂಲು ಬಿಚ್ಚೋ ಮನೆ. ಅವರಿಗೆ ಮೈಕು ಹಿಡಿಸಲಿಲ್ಲ.

"ತಡಿ. ನೂಲು ಬಿಚ್ಚುವಾಗ ಬಿಸಿನೀರಿನ ಬಾಣಲೇಲಿ ಗೂಡು ತೇಲ್ತಾ ಇರ್ತದೆ. ಮೇಲೆ ರಾಟೆ ತಿರುಗ್ತದೆ. ಮಧ್ಯೆ ಎಳೆ, ಕಣ್ಣಿಗೆ ಕಾಣದಷ್ಟು ಸಣ್ಣದು. ಗೂಡು ನೀರಲ್ಲಿ ಕುಣಿದ್ರೆ ಎಳೆ ಅದುರ್ತದೆ, ಎಳೆ ಅದುರಿದ್ರೆ ರಾಟೆ ಹತ್ರ ಕೂತೋಳ ಬೆರಳಿಗೆ ಗೊತ್ತಾಗ್ತದೆ. ಹಂಗೇನಾ?"

"ಹಂಗೇ ಅಜ್ಜಿ! ಗೂಡೇ ಚಂದ್ರ, ರಾಟೆನೇ ಗುರು."

"ರಾಟೆ ಅಷ್ಟು ದೊಡ್ಡದು, ಗೂಡು ಇಷ್ಟೇ ಇಷ್ಟು."

"ಹೂಂ. ಆದ್ರೂ ಕೂಗಿಸೋದು ಗೂಡೇ."

ಅಜ್ಜಿ ತಲೆ ಎತ್ತಿ ಆ ಚುಕ್ಕಿ ನೋಡಿದ್ರು. "ಹಂಗಾದ್ರೆ ಬಲ ಯಾರದಪ್ಪ? ಗುರೂದಾ, ಆ ಪುಟ್ಟ ಚಂದ್ರಂದಾ?"

ಎಂಜಿನಿಯರ್ರಿಗೂ ಅಷ್ಟು ಒಳ್ಳೇ ಪ್ರಶ್ನೆ ಯಾರೂ ಕೇಳಿರಲಾರರು.

"ಇಬ್ಬರದೂ ಅಜ್ಜಿ. ಎಳೆ ಇದ್ರೆ ಇಬ್ಬರಿಗೂ ಬಲ."

ಮೂಡಣ ಬೂದಿ ಬಣ್ಣಕ್ಕೆ ತಿರುಗ್ತು. ಪಕ್ಕದ ಮನೇಲಿ ನೀರು ಸೇದೋ ಸದ್ದು ಬಂತು. ಹೆಡ್‌ಫೋನಲ್ಲಿ ಸುಯ್ಯ್ ಬಿಟ್ರೆ ಬೇರೇನಿಲ್ಲ. ಕೆಳಗಿಂದ ದೊಡ್ಡಪ್ಪ ಕೂಗಿದ್ರು, "ಅಮ್ಮಾ! ಏನಂತಾನೆ ನಿನ್ನ ಗುರು? ಇನ್ನೂ ಎದ್ದಿಲ್ವಾ?"

ನಾನು ಕೈ ಚೆಲ್ಲಿದೆ. "ಅಜ್ಜಿ, ಅವತ್ತು ಬಂದಿದ್ದು ನಿಜವಾಗ್ಲೂ ಗುರುನೇ. ಹುಳದ ಆಣೆ. ನನ್ನ ಮಾತು ನಂಬಬೇಡಿ, ನಿಮ್ಮ ಮೊಮ್ಮಗನ್ನ ಕೇಳಿ. ಆ ಹುಡುಗೀನ ಹಿಂದೂಪುರಕ್ಕೆ ಕೊಟ್ಬಿಡ್ತಾರೆ. ನನ್ನ ಮೇಲಿನ ಕೋಪ ಅವಳ ಮೇಲೆ ಯಾಕೆ?"

ಅಜ್ಜಿ ಹೆಡ್‌ಫೋನ್ ತೆಗೆದು ನನ್ನ ಕೈಗೆ ಕೊಟ್ರು. "ಒರೇಯ್, ಆ ಸದ್ದು ಹೆಂಗಿರುತ್ತೆ ಅಂದೆ?"

"ಅರಳು ಹುರಿದಂಗೆ."

"ಆ ಹುಡುಗಿ ನಮ್ಮನೆಗೆ ಬಂದಿದ್ಳಲ್ಲ, ಸಂಬಂಧದ ಮಾತುಕತೆ ಆದಾಗ. ನನ್ನ ಮಗ ಕಾಫಿಗೆ ಕದ್ದು ಸಕ್ಕರೆ ಹಾಕ್ಕೊಂಡಿದ್ದು ನೋಡಿದ್ಳು, ನನ್ನ ನೋಡಿ ಕಣ್ಣಲ್ಲೇ ನಕ್ಕಳು, ಬಾಯಿ ಬಿಡ್ಲಿಲ್ಲ. ಅವಳು ನಂಗೆ ಬೇಕು" ಅಂದ್ರು. ಅಂದೋರು ನಾನು ಬಾಯಿ ತೆಗೆಯೋದ್ರೊಳಗೆ ಮೆಟ್ಲಿಳಿದೇ ಬಿಟ್ರು. ಕೆಳಗಿಂದ ಅವರ ದನಿ ಕೇಳಿಸ್ತು, ನನ್ನ ಹಾರನ್ನೂ ನಾಚಬೇಕು, ಅಂಥಾ ದನಿ:

"ಕೂಗ್ದ ಕಣೋ! ಕಿವಿ ತುಂಬ ಕೂಗ್ದ! ಅರಳು ಹುರಿದಂಗೆ ಚಟಪಟ ಅಂತ. ಅರಳು ಅಂದ್ರೆ ಏನೋ? ಮದುವೆ ಹೋಮಕ್ಕೆ ಹಾಕೋದಲ್ವೇನೋ? ಇನ್ನೇನು ಬಾಯಿ ಬಿಟ್ಟು ಹೇಳಬೇಕು ಅವನು?"

"ನಿಜವಾಗ್ಲೂ ಕೇಳಿಸ್ತೇನಮ್ಮಾ?"

"ಈ ವಯಸ್ಸಲ್ಲಿ ನಾನು ಸುಳ್ಳು ಹೇಳ್ತೀನೇನೋ?"

ಮಹಡಿ ಮೇಲೆ ನಾನು ಬಾಯಿ ಬಿಟ್ಕೊಂಡು ನಿಂತಿದ್ದೆ. ಮೂರು ತಾಲ್ಲೂಕು ಆಡಿಸಿದೋನು ನಾನು. ಒಂದು ಬೊಚ್ಚು ಬಾಯಿ ನನ್ನ ಇಡೀ ಕಸುಬನ್ನ ಒಂದು ಉಸಿರಲ್ಲಿ ಮುಗಿಸಿತ್ತು. ಸರಿ, ಸಾಮಾನು ಕಟ್ಟೋಣ ಅಂತ ಬಗ್ಗಿದೆ. ರೇಡಿಯೋ ಆರಿಸೋ ಮುಂಚೆ ಅಭ್ಯಾಸಬಲದಿಂದ ಹೆಡ್‌ಫೋನ್ ಕಿವಿಗಿಟ್ಟೆ.

ಒಂದು ಅಲೆ ಎದ್ದಿತು. ಇನ್ನೊಂದು ಎದ್ದಿತು. ಅದರ ಬೆನ್ನಿಗೆ ಅರಳು! ಕಾದ ಬಾಣಲೆಗೆ ಹಿಡಿ ಭತ್ತ ಎರಚಿದಂಗೆ ಚಟಚಟಚಟ ಅಂತ ಸಿಡೀತಾ ಇದೆ, ಮೇಲೆ ಗುರು ಬೆಳಗಿನ ಬೆಳಕಲ್ಲಿ ಮಾಸ್ತಾ ಇದಾನೆ, ಎಲ್ಲೋ ಅವನ ಪಕ್ಕದಲ್ಲಿ ನಮ್ಮ ಕಣ್ಣಿಗೆ ಬೀಳದ ಆ ಪುಟಾಣಿ ಚಂದ್ರ ಎಳೆ ಜಗ್ಗಿ ಜಗ್ಗಿ ಕೂಗಿಸ್ತಾ ಇದೆ. ನಾನು ಹೆಡ್‌ಫೋನ್ ಅಲ್ಲೇ ಬಿಸಾಕಿ ದಡದಡ ಮೆಟ್ಲಿಳಿದೆ.

"ಅಜ್ಜೀ! ಬಂತು! ಬಂತು!"

ದೊಡ್ಡಪ್ಪನೋರು ಕುರ್ಚಿಯಿಂದ ಎದ್ದು ಕಣ್ಣು ಕಿರಿದು ಮಾಡಿದ್ರು. "ಏನು ಬಂತು? ಆಗ್ಲೇ ಬಂತಲ್ಲ?"

ಅಜ್ಜಿ ನನ್ನ ಪಕ್ಕ ಬಂದು, ಯಾರಿಗೂ ಕಾಣದಂಗೆ, ನನ್ನ ತೊಡೆ ಹಿಂಭಾಗ ಹಿಡಿದು ತಿರುಚಿದ್ರು. ಆ ಬೆರಳಲ್ಲಿ ಅರವತ್ತು ವರ್ಷ ನೂಲು ತಿರುಚಿದ ಬಲ ಇತ್ತು. ನನ್ನ ಕಣ್ಣಲ್ಲಿ ನೀರು ಬಂತು.

"ಬಸ್ಸು," ಅಂದೆ. "ಬಸ್ಸು ಬಂತು. ನಂಗೆ ಹೊತ್ತಾಯ್ತು."

ನನ್ನ ಜೀವಮಾನದಲ್ಲಿ ಕಿವಿಯಾರೆ ಕೇಳಿದ ಅಷ್ಟು ದೊಡ್ಡ ನಿಜವನ್ನ ನುಂಗಿ, ಅದರ ಮೇಲೆ ಒಂದು ಲೋಟ ಕಾಫಿ ಕುಡಿದು, ಇಲ್ಲದ ಬಸ್ಸು ಹಿಡಿಯೋಕೆ ಹೊರಟೆ. ಬಾಗಿಲ ಹತ್ರ ದೊಡ್ಡಪ್ಪನೋರು ನನ್ನ ಹೆಗಲ ಮೇಲೆ ಕೈ ಹಾಕಿ, "ಕಣ್ಣಲ್ಲಿ ನೀರು ಹಾಕ್ಕೊಂಡ್ಯಲ್ಲಪ್ಪ. ನಿಂಗೂ ಭಕ್ತಿ ಐತೆ" ಅಂದ್ರು.

ಗುರುವಾರ ನೋಡಿ ಶಾಂತಿ ಮಾಡಿಸಿದ್ವಿ. ಕಡಲೆಕಾಳು, ಹಳದಿ ಬಟ್ಟೆ, ಎಲ್ಲ ಕ್ರಮವಾಗಿ. ಶ್ರಾವಣದಲ್ಲೇ ಮದುವೆ ಆಯ್ತು. ಮೈಕ್ ಸೆಟ್ ನಂದೇ, ಪುಕ್ಕಟೆ. ಹೋಮಕ್ಕೆ ಅರಳು ಹಾಕುವಾಗ ಅಜ್ಜಿ ನನ್ನ ಕಡೆ ನೋಡಿ ಸೊಂಟದಿಂದ ಅದೇ ಬಿಸ್ಕತ್ ಕಾಗದ ತೆಗೆದು ತೋರಿಸಿದ್ರು. ಉಗ್ರಾಣದಲ್ಲಿ ದೊಡ್ಡಪ್ಪನೋರು ಒಂದೊಂದು ಮೂಟೆ ಹಿಂದೇನೂ ಬಗ್ಗಿ ಬಗ್ಗಿ ನೋಡ್ತಾ ಇದ್ರು. ಮೈಕು ಈ ಸಲ ಅಲ್ಲಿರಲಿಲ್ಲ. ಎಲ್ಲಿತ್ತು ಅನ್ನೋದು ಬೇರೆ ಕತೆ.

ತೊಂಬತ್ತರ ದಶಕ ಅರ್ಧ ದಾಟಿದ ಮೇಲೆ ಎಂಜಿನಿಯರ್ರು ಒಂದಿನ ಅಂಗಡಿಗೆ ಬಂದು ಇನ್ನೊಂದು ಸುದ್ದಿ ಹೇಳಿದ್ರು. ಗುರುವಿನ ಚಂದ್ರರಲ್ಲಿ ಗ್ಯಾನಿಮೀಡ್ ಅಂತ ಒಂದಿದೆಯಂತೆ. ಗುರುವಿನ ಅಷ್ಟು ದೊಡ್ಡ ಅಯಸ್ಕಾಂತದ ಹಿಡಿತದೊಳಗೇ ಇದ್ಕೊಂಡು ತನ್ನದೇ ಒಂದು ಸಣ್ಣ ಅಯಸ್ಕಾಂತ ಇಟ್ಕೊಂಡಿದೆಯಂತೆ, ಆಕಾಶನೌಕೆ ಹತ್ರ ಹೋಗಿ ನೋಡ್ತಂತೆ. "ಸಾರ್, ಅದು ನಮ್ಮಕ್ಕನ ಮಗಳು. ಚಿಂತಾಮಣೀಲಿದಾಳೆ" ಅಂದೆ. ಅಷ್ಟೊತ್ತಿಗೆ ಆ ಮನೇಲಿ ದೊಡ್ಡಪ್ಪನೋರ ಸಕ್ಕರೆ ಡಬ್ಬಿ ಬೀಗದ ಕೈ ಇದ್ದಿದ್ದು ಅವಳ ಸೆರಗಿನ ತುದೀಲಿ.

ಅದೇ ವರ್ಷ ರೇಡಿಯೋ, ತಂತಿ, ಹೆಡ್‌ಫೋನ್ ಕಟ್ಕೊಂಡು ಚಿಂತಾಮಣಿಗೆ ಹೋದೆ. ಅಜ್ಜಿಗೆ ಈಗ ಮೆಟ್ಲು ಹತ್ತೋಕಾಗ್ತಿರಲಿಲ್ಲ, ಅಂಗಳದಲ್ಲೇ ಕುರ್ಚಿ ಹಾಕಿದ್ವಿ. ಮಡಿಲಲ್ಲಿ ನಮ್ಮ ಹುಡುಗೀದೇ ಪುಟ್ಟ ಮಗಳು, ನಿದ್ದೆಗಣ್ಣಲ್ಲಿ. ಈ ಸಲ ಗುರು ಕೈಕೊಡಲಿಲ್ಲ. ಹೇಳಿದ ಹೊತ್ತಿಗೆ ಎದ್ದ, ಅಲೆ ಅಲೆಯಾಗಿ ಬಂದ, ಅರಳೂ ಹುರಿದ. ನಾನು ಹೆಡ್‌ಫೋನ್ ಅಜ್ಜಿ ಕಿವಿಗೆ ಹಾಕಿ, ಎದುರಿಗೆ ಮೊಣಕಾಲೂರಿ ಕೂತು ಅವರ ಮುಖಾನೇ ನೋಡ್ತಾ ಇದ್ದೆ. ಹತ್ತು ವರ್ಷದಿಂದ ಹೊಟ್ಟೇಲಿಟ್ಕೊಂಡಿದ್ದ ನಿಜ, ಕೊನೆಗೂ ತಲುಪಬೇಕಾದ ಕಿವಿಗೆ ತಲುಪಿತ್ತು.

ಅಜ್ಜಿ ಕಣ್ಣು ಮುಚ್ಕೊಂಡು ಬಹಳ ಹೊತ್ತು ಕೇಳಿದ್ರು. ಆಮೇಲೆ ಹೆಡ್‌ಫೋನ್ ತೆಗೆದು ಮಗು ತಲೆಗೆ ಹಾಕಿದ್ರು.

"ಚೆನ್ನಾಗೈತೆ ಕಣಪ್ಪ," ಅಂದ್ರು. "ಆದ್ರೆ ಅವತ್ತು ನಾನು ಕೇಳಿದ್ದೇ ಇನ್ನೂ ಚೆನ್ನಾಗಿತ್ತು."